ಶಿರಸಿಯಲ್ಲಿ ಎಸ್ಟೀಮ್ ಇಂಜಿನ್ ಬಿಚ್ಚಿಸಿದ್ದು: 75 ಸಾವಿರಕ್ಕೆ ಸಿಕ್ಕಿದ್ದು, ಸಿಗದೇ ಇದ್ದದ್ದು

ಈ ಗ್ಯಾರೇಜಿಗೆ ಬೋರ್ಡ್ ಇಲ್ಲ. ಶಿರಸಿಯಲ್ಲಿ ಮಾರುತಿ ಜಿಪ್ಸಿ ಜೀಪಿನ ಇಂಜಿನ್ ಯಾರು ಬಿಚ್ಚುತ್ತಾರೆ ಅಂತ ಹಳೇ ಆಟೋದವರನ್ನು ಕೇಳಿ, ದಾರಿ ತೋರಿಸುತ್ತಾರೆ. ತಗಡಿನ ಶೆಡ್ಡು, ಮುಂದೆ ಹಲಸಿನ ಮರ, ಮರದ ಕೆಳಗೆ ಯಾವಾಗ ಹೋದರೂ ಎರಡು ಮೂರು ಗಾಡಿ ಬಾನೆಟ್ ಎತ್ತಿಕೊಂಡು ನಿಂತಿರುತ್ತವೆ. ಹೆಸರು ಬರೆಯಬೇಡಿ ಅಂತ ಮೇಸ್ತ್ರಿಯವರೇ ಹೇಳಿದ್ದಾರೆ. "ಇರೋ ಕೆಲಸನೇ ಮುಗೀತಾ ಇಲ್ಲ ಹೆಗಡೇರೇ, ಬೆಂಗಳೂರಿನವರನ್ನೆಲ್ಲ ಇಲ್ಲಿಗೆ ಕಳಿಸಬೇಡಿ ಮಾರಾಯ್ರೆ" ಅಂದರು. ಹಾಗಾಗಿ ಇದು ಹೆಸರಿಲ್ಲದ ಗ್ಯಾರೇಜಿನ ವಿಮರ್ಶೆ. ನನ್ನ 2005ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ ಕಾರು ಇಲ್ಲಿ ಒಂಬತ್ತು ವಾರ ನಿಂತಿತ್ತು. ನಾನು ಕೊಟ್ಟಿದ್ದು ನೂರು ರೂಪಾಯಿ ಕಡಿಮೆ 75 ಸಾವಿರ. ಬೈಯುವುದೂ ಇದೆ, ಹೊಗಳುವುದೂ ಇದೆ. ಹೊಗಳುವುದೇ ಜಾಸ್ತಿ.

ಎಸ್ಟೀಮ್ ಗೊತ್ತಿಲ್ಲದವರಿಗೆ ಎರಡು ಮಾತು. 1298 ಸಿಸಿ, 16 ವಾಲ್ವ್, ಜಿ13ಬಿಬಿ ಅನ್ನುವ ಇಂಜಿನ್, ಕಂಪನಿ ಹೇಳಿದ್ದು 85 ಬಿಎಚ್‌ಪಿ. ಇದೇ ಮನೆತನದ 1.3 ಇಂಜಿನ್ ಜಿಪ್ಸಿಗೂ ಇತ್ತು. ಗಾಡಿಯ ತೂಕ ಒಂದು ಟನ್ನಿಗೂ ಕಡಿಮೆ. ಅದಕ್ಕೇ ಆ ಕಾಲದಲ್ಲಿ ರ‍್ಯಾಲಿ ಹುಚ್ಚಿನವರೆಲ್ಲ ಇದರ ಹಿಂದೆ ಬಿದ್ದಿದ್ದರು. 2007ರಲ್ಲಿ ಮಾರುತಿ ಇದನ್ನು ನಿಲ್ಲಿಸಿತು. ನನ್ನದು ಅಪ್ಪಯ್ಯ ತಗೊಂಡ ಗಾಡಿ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಸೆಕೆಂಡ್ ಹ್ಯಾಂಡಲ್ಲಿ ಬಂದಿದ್ದು. ಮೀಟರಿನಲ್ಲಿ 1,62,000 ಕಿ.ಮೀ. ಆಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ, ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ನಾಲ್ಕು ಜನ ಕೂತರೆ ಎರಡನೇ ಗೇರ್ ಬಿಟ್ಟು ಮೇಲೆ ಹೋಗುತ್ತಲೇ ಇರಲಿಲ್ಲ. ಹಿಂದೆ ಮೀನು ಗಾಡಿಯವರ ಹಾರ್ನು.

ಹೇಗೂ ಇಂಜಿನ್ ಬಿಚ್ಚಬೇಕು, ಬಿಚ್ಚಿದ ಮೇಲೆ ಒಳಗೆಲ್ಲ ಜೋರು ಸಾಮಾನು ಹಾಕಿಸೋಣ ಅಂತ ನನ್ನ ಆಸೆ. ಫೋರ್ಜ್ಡ್ ಪಿಸ್ಟನ್ (ಎರಕ ಹೊಯ್ಯದೆ ಒತ್ತಿ ಗಟ್ಟಿ ಮಾಡಿದ್ದು), ಎಚ್-ಬೀಮ್ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕೋಲು, ಗಟ್ಟಿ ಜಾತಿಯದು), ಹಗುರ ಫ್ಲೈವೀಲ್ (ಇಂಜಿನ್ ಒಂದೇ ಸಮ ತಿರುಗಲು ಇರುವ ಭಾರದ ಚಕ್ರ), ರೇಸ್ ಕ್ಯಾಮ್ (ವಾಲ್ವ್ ತೆರೆಯುವ ದಂಡ). ರಾತ್ರಿಯಿಡೀ ವಿಡಿಯೋ ನೋಡಿ ತಲೆಯಲ್ಲಿ ಇಂಜಿನ್ ಕಟ್ಟಿ ಮುಗಿಸಿದ್ದೆ. ದೊಡ್ಡ ಊರಿನ ಒಂದು ಟ್ಯೂನಿಂಗ್ ಅಂಗಡಿಗೆ ಫೋನ್ ಮಾಡಿದರೆ ಎರಡು ಲಕ್ಷ ನಲವತ್ತು ಸಾವಿರದ ಲೆಕ್ಕ ಕಳಿಸಿದರು. ಗಾಡಿ ಮಾರಿದರೆ ಅದರ ಅರ್ಧವೂ ಬರುವುದಿಲ್ಲ. ನನ್ನ ಹತ್ತಿರ ಇದ್ದಿದ್ದು 80 ಸಾವಿರ.

ಆ ಪಟ್ಟಿ ಹಿಡಿದುಕೊಂಡೇ ಮೇಸ್ತ್ರಿಯವರ ಹತ್ತಿರ ಹೋದೆ. ಕನ್ನಡಕ ಹಣೆಗೆ ಏರಿಸಿ ಪೂರ್ತಿ ಓದಿದರು. ಮಡಚಿ ವಾಪಸ್ ಕೊಟ್ಟರು. "ಟರ್ಬೋ ಹಾಕ್ತೀರಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಈ ಪಿಸ್ಟನ್ ಎಂತಕ್ಕೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ಮನೆಗೆ ಬಂದು ಓದಿ ನೋಡಿದೆ, ಸರಿಯಾಗೇ ಇತ್ತು. ಫೋರ್ಜ್ಡ್ ಪಿಸ್ಟನ್ ಹಾಕಿದ ಮಾತ್ರಕ್ಕೆ ಒಂದು ಬಿಎಚ್‌ಪಿ ಕೂಡ ಜಾಸ್ತಿ ಆಗುವುದಿಲ್ಲ. ಅದು ಪೆಟ್ಟು ತಡೆದುಕೊಳ್ಳುತ್ತದೆ ಅಷ್ಟೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಒತ್ತಡ ಇದ್ದಾಗ, ನೈಟ್ರಸ್ ಗ್ಯಾಸ್ ಇದ್ದಾಗ, ಇಲ್ಲಾ ದಿನಾ ಎಂಟು ಸಾವಿರ ಆರ್‌ಪಿಎಂಗೆ ಎಳೆಯುವಾಗ ಅದು ಬೇಕು. ಅದರಲ್ಲೂ 2618 ಅನ್ನುವ ಮಿಶ್ರಲೋಹದ ಪಿಸ್ಟನ್ ಬಿಸಿಯಾದಾಗ ಜಾಸ್ತಿ ಹಿಗ್ಗುತ್ತದೆ. ಅದಕ್ಕೆ ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ತೂತಿನಲ್ಲಿ, ಜಾಗ ಜಾಸ್ತಿ ಬಿಡಬೇಕು. ಜಾಗ ಜಾಸ್ತಿ ಬಿಟ್ಟರೆ ತಣ್ಣಗಿದ್ದಾಗ ಪಿಸ್ಟನ್ ಅತ್ತಿತ್ತ ಬಡಿದು ಟಕ ಟಕ ಸದ್ದು. ಸಿಲಿಕಾನ್ ಜಾಸ್ತಿ ಇರುವ 4032 ಅಷ್ಟು ಹಿಗ್ಗುವುದಿಲ್ಲ. ಆದರೆ ಎರಡೂ ದುಬಾರಿ, ಎರಡೂ ನಮ್ಮಂಥ ಗಾಡಿಗೆ ಬೇಡದ ಬಲ. ಪೇಟೆಗೆ ಹೋಗಿ ಬರುವವನು ಡಿಸೆಂಬರಿನ ಚಳಿಗೆ ದಿನಾ ಆ ಸದ್ದು ಕೇಳಿಕೊಂಡು ಕೂರಬೇಕು.

ಈ ಗ್ಯಾರೇಜಿನಲ್ಲಿ ನನಗೆ ಮೊದಲು ಹಿಡಿಸಿದ್ದು ಇದು. ಮಾರುವುದಕ್ಕೆ ಅವಕಾಶ ಇತ್ತು, ಮಾರಲಿಲ್ಲ.

ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಅನ್ನುವ ಪರೀಕ್ಷೆ ಮಾಡಿದರು. ಪ್ಲಗ್ ತೆಗೆದು ಗೇಜ್ ತಿರುಗಿಸಿ ಕ್ರ್ಯಾಂಕ್ ಮಾಡುವುದು ಎಲ್ಲ ಕಡೆ ಮಾಡುತ್ತಾರೆ. ಇವರು ಎರಡು ಸಲ ಮಾಡಿದರು. ಮೊದಲ ಸಲ ಒಂದನೇ ಸಿಲಿಂಡರ್ 170 ಪಿಎಸ್‌ಐ, ಎರಡು 160, ಮೂರು 135, ನಾಲ್ಕು 165. ಆಮೇಲೆ ಪ್ರತಿ ತೂತಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಒಂದು, ಎರಡು, ನಾಲ್ಕು ಚೆನ್ನಾಗಿ ಮೇಲೆ ಬಂದವು. ಅಂದರೆ ಪಿಸ್ಟನ್ ಸುತ್ತ ಕೂರುವ ರಿಂಗ್ ಸವೆದಿದೆ, ಆಯಿಲ್ ಹೋಗಿ ಸಂದಿ ಮುಚ್ಚಿದ್ದರಿಂದ ಒತ್ತಡ ಏರಿತು. ಮೂರನೆಯದು 135ರಿಂದ 145 ಅಷ್ಟೆ. "ಇದು ವಾಲ್ವು" ಅಂದರು. ಹೆಡ್ (ವಾಲ್ವ್‌ಗಳಿರುವ ಇಂಜಿನ್ನಿನ ಮೇಲಿನ ಭಾಗ) ಬಿಚ್ಚಿದ ಮೇಲೆ ನೋಡಿದರೆ ಮೂರನೇದರ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟ ದೋಸೆಯ ಅಂಚಿನ ಹಾಗೆ ಚಕ್ಕೆ ಎದ್ದಿತ್ತು. ಬರೀ ರಿಂಗ್ ಹಾಕಿ ಕಳಿಸಿದ್ದರೆ ಎರಡೇ ತಿಂಗಳಿಗೆ ವಾಪಸ್ ಬರುತ್ತಿದ್ದೆ.

ಹಳೇ ಬಲೆನೋದ 1.6 ಇಂಜಿನ್ ಎತ್ತಿ ಕೂರಿಸಬಹುದಲ್ವಾ ಅಂತ ಕೇಳುವವರು ಇದ್ದೀರಿ, ಗೊತ್ತು. ನಾನೂ ಕೇಳಿದೆ. ಇದೇ ಸಾಲಿನ ಇಂಜಿನ್, ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5 ಮಿ.ಮೀ. ಬದಲು 90 ಮಿ.ಮೀ., ಘಟ್ಟಕ್ಕೆ ಅದರ ಎಳೆತವೇ ಬೇರೆ. ಆದರೆ ಇಂಜಿನ್ ನಂಬರ್ ಬದಲಾಗುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಬರೆಸದೆ ಓಡಿಸಿ ಎಲ್ಲಾದರೂ ಗುದ್ದಿದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಆ ನಂಬರು. ನನ್ನದು ಕೆಎ-31, ಆರ್‌ಟಿಒ ಆಫೀಸು ಊರಲ್ಲೇ ಇದೆ. ಆದರೂ ಆ ಓಡಾಟ ಬೇಡ ಅನ್ನಿಸಿತು. ಇದ್ದ ಬ್ಲಾಕನ್ನೇ (ಸಿಲಿಂಡರುಗಳಿರುವ ಇಂಜಿನ್ನಿನ ಮೈ) ಸರಿ ಮಾಡೋಣ ಅಂತ ತೀರ್ಮಾನ ಆಯಿತು.

ಪ್ಲಾನ್ ಇಷ್ಟು: ಕಂಪನಿಯ ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು, ಬೇರಿಂಗು, ಆಯಿಲ್ ಪಂಪು. ಹೆಡ್ ಪೂರ್ತಿ ಕೆಲಸ. ಒಳಗೆ ತಿರುಗುವ, ಓಡಾಡುವ ಎಲ್ಲವನ್ನೂ ತೂಕ ಹೊಂದಿಸಿ ಬ್ಯಾಲೆನ್ಸ್ ಮಾಡುವುದು. ಕೇಳುವುದಕ್ಕೆ ಸಪ್ಪೆ. ಬೋರ್ ದೊಡ್ಡದಾದರೆ ಪವರ್ ಜಾಸ್ತಿ ಅಂತ ಖುಷಿಪಡಲು ಹೋಗಿ ಲೆಕ್ಕ ಹಾಕಿದೆ. 74 ಮಿ.ಮೀ. ಬೋರು 74.5 ಆದರೆ 1298 ಸಿಸಿ ಹೋಗಿ 1316 ಆಗುತ್ತದೆ. ಹದಿನೆಂಟು ಸಿಸಿ! ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಬೋರ್ ಮಾಡಿಸುವುದು ಸವೆದು ಮೊಟ್ಟೆ ಆಕಾರಕ್ಕೆ ಬಂದ ಸಿಲಿಂಡರನ್ನು ಮತ್ತೆ ದುಂಡಗೆ ಮಾಡುವುದಕ್ಕೆ, ಸಿಸಿ ಏರಿಸುವುದಕ್ಕಲ್ಲ.

ಬೋರಿಂಗ್ ಕೆಲಸ ಶಿರಸಿಯಲ್ಲಿ ಮಾಡಿಸಲಿಲ್ಲ. ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಮಷಿನ್ ಶಾಪಿಗೆ ಬ್ಲಾಕ್ ಹೋಯಿತು. ನಾನೂ ಜೊತೆಗೆ ಹೋಗಿದ್ದೆ. ಪಿಸ್ಟನ್ ಕೈಗೆ ಬಾರದೆ ಬ್ಲಾಕ್ ಕಳಿಸುವುದಿಲ್ಲ ಅಂತ ಮೇಸ್ತ್ರಿ ಹಟ ಹಿಡಿದಿದ್ದರು. ಎಷ್ಟೋ ಕಡೆ "ಅರ್ಧ ಮಿಲಿ ಬೋರ್ ಮಾಡಿ" ಅಂತ ಫೋನಲ್ಲಿ ಹೇಳಿ ಮುಗಿಸುತ್ತಾರೆ. ಅಳತೆ ಹಾಗೆ ನಡೆಯುವುದಿಲ್ಲ. ಪಿಸ್ಟನ್ನಿಗೂ ಬೋರಿಗೂ ನಡುವೆ ಇರಬೇಕಾದ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ನಾಲ್ಕು ಭಾಗ. ತಲೆಕೂದಲಿಗಿಂತ ತೆಳು. ಒಂದೇ ಡಬ್ಬಿಯ ನಾಲ್ಕು ಪಿಸ್ಟನ್‌ಗಳಲ್ಲೇ ನೂರರಲ್ಲಿ ಒಂದು ಭಾಗ ಹೆಚ್ಚು ಕಡಿಮೆ ಇರುತ್ತದೆ. ಹುಬ್ಬಳ್ಳಿಯ ಆ ಹುಡುಗ ಒಂದೊಂದು ಪಿಸ್ಟನ್ನನ್ನೂ ಮೈಕ್ರೋಮೀಟರಿನಲ್ಲಿ ಹಿಡಿದ. ಅದೂ ತಲೆಯ ಹತ್ತಿರ ಅಲ್ಲ, ಕೆಳಗೆ ಸ್ಕರ್ಟಿನ ಹತ್ತಿರ, ಪಿನ್ನಿಗೆ ಅಡ್ಡಲಾಗಿ. ಯಾಕೆಂದರೆ ಪಿಸ್ಟನ್ ದುಂಡಗಿರುವುದಿಲ್ಲ. ನೋಡುವುದಕ್ಕೆ ದುಂಡು, ಅಳೆದರೆ ಅಂಡಾಕಾರ, ಮೇಲೆ ಸಣ್ಣ, ಕೆಳಗೆ ಅಗಲ. ಬಿಸಿಯಾದ ಮೇಲೆ ಸರಿಯಾದ ಆಕಾರಕ್ಕೆ ಬರುವ ಹಾಗೆ ಮಾಡಿರುತ್ತಾರೆ. ಮಾರ್ಕರಿನಲ್ಲಿ ತಲೆಯ ಮೇಲೆ 1, 2, 3, 4 ಅಂತ ಬರೆದು, ಆಯಾ ಬೋರನ್ನು ಆಯಾ ಪಿಸ್ಟನ್ನಿಗೇ ಕೊರೆದು, ಕೊನೆಗೆ ಕಲ್ಲಿನಿಂದ ಗೋಡೆ ಉಜ್ಜುವ ಹೋನಿಂಗ್ ಮಾಡಿದ. ಗೋಡೆಯ ಮೇಲೆ ಕ್ರಾಸ್ ಹ್ಯಾಚ್ ಗೆರೆಗಳು ಚಾಪೆ ಹೆಣೆದ ಹಾಗೆ ಕಾಣುತ್ತಿದ್ದವು. ಆಯಿಲ್ ಹಿಡಿದುಕೊಳ್ಳುವುದು ಆ ಗೆರೆಗಳೇ.

ಒಂದು ಕೊರತೆ ಹೇಳಬೇಕು. ಹೆಡ್ ಬೋಲ್ಟ್ ಬಿಗಿದಾಗ ಬ್ಲಾಕ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಅದಕ್ಕೆ ಹೆಡ್ ಇದ್ದ ಹಾಗೇ ಒಂದು ದಪ್ಪ ಪ್ಲೇಟ್ ಬಿಗಿದು ಹೋನಿಂಗ್ ಮಾಡಿದರೆ ಇನ್ನೂ ಚೆನ್ನಾಗಿ ದುಂಡಗೆ ಬರುತ್ತದೆ. ಟಾರ್ಕ್ ಪ್ಲೇಟ್ ಅನ್ನುತ್ತಾರೆ. ನಮ್ಮ ಇಂಜಿನ್ನಿಗೆ ಸರಿಹೊಂದುವ ಪ್ಲೇಟು ಅವರಲ್ಲಿರಲಿಲ್ಲ. ಅಲ್ಯೂಮಿನಿಯಂ ಬ್ಲಾಕ್ ಆದ್ದರಿಂದ ಇದ್ದಿದ್ದರೆ ಒಳ್ಳೆಯದಿತ್ತು. ಈ ಬಜೆಟ್ಟಿನಲ್ಲಿ ಮಾಡಿಸಿ ತರಿಸುವಷ್ಟು ದುಡ್ಡು ಇರಲಿಲ್ಲ. ಬಿಟ್ಟೆವು.

ಈಗ ರಿಂಗಿನ ಕಥೆ. ಇದರಲ್ಲಿ ತಪ್ಪು ನನ್ನದೂ ಇದೆ. ರಿಂಗ್ ಸೆಟ್ ಮೇಸ್ತ್ರಿ ಹೇಳಿದ ಅಂಗಡಿ ಬಿಟ್ಟು ಬೇರೆ ಕಡೆ ಎಂಟುನೂರು ರೂಪಾಯಿ ಕಡಿಮೆಗೆ ಸಿಗುತ್ತದೆ ಅಂತ ನಾನೇ ತಂದುಕೊಟ್ಟಿದ್ದೆ. ಡಬ್ಬಿ ಚೆನ್ನಾಗಿತ್ತು, ಹೊಳೆಯುವ ಸ್ಟಿಕ್ಕರೂ ಇತ್ತು. ಮೇಸ್ತ್ರಿ ಒಂದು ರಿಂಗ್ ತೆಗೆದು ಬರೀ ಬೋರಿನೊಳಗೆ ಇಟ್ಟರು. ಪಿಸ್ಟನ್ ತಲೆಕೆಳಗಾಗಿ ಹಿಡಿದು ಅದರಿಂದ ರಿಂಗನ್ನು ಒಂದಿಂಚು ಕೆಳಗೆ ನೇರವಾಗಿ ತಳ್ಳಿದರು. ಆಮೇಲೆ ರಿಂಗಿನ ಎರಡು ತುದಿಗಳ ನಡುವೆ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿದರು. 0.30 ಸಲೀಸಾಗಿ ಹೋಯಿತು. 0.40 ಹೋಯಿತು. 0.50 ಕೂಡ ಹೋಯಿತು. 0.55 ಸ್ವಲ್ಪ ಹಿಡಿಯಿತು. ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಟರ್ಬೋ ಇಲ್ಲದ ಇಂಜಿನ್ನಿಗೆ ಸಾಮಾನ್ಯ ಲೆಕ್ಕ, ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ. ನಮ್ಮ 74.5 ಮಿ.ಮೀ.ಗೆ ಅದು 0.30ರ ಹತ್ತಿರ ಬರುತ್ತದೆ. ಸಂದಿ ಇದಕ್ಕಿಂತ ತೀರಾ ಕಡಿಮೆ ಇದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ. ಜಾಸ್ತಿ ಇದ್ದರೆ ಒತ್ತಡ ಅಲ್ಲೇ ಸೋರುತ್ತದೆ. ಡಬ್ಬಿಯಲ್ಲಿದ್ದ ಸರಕು ಡೂಪ್ಲಿಕೇಟ್. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಬಿಲ್ ಕೂಡ ಕೊಟ್ಟಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹೊಸ ಸೆಟ್ ತರಿಸಿದೆವು. ಆ ನಾಲ್ಕೂ ಟಾಪ್ ರಿಂಗುಗಳನ್ನು ಹೀಗೇ ಒಂದೊಂದು ಬೋರಿನಲ್ಲಿಟ್ಟು ಅಳೆದು, ಎರಡಕ್ಕೆ ಸಣ್ಣ ಅರ ಹಿಡಿದು 0.30ಕ್ಕೆ ತಂದರು. ಅರ್ಧ ದಿನದ ಕೆಲಸ. ಇದಕ್ಕೆ ಬೇರೆ ಕೂಲಿ ಹಾಕಲಿಲ್ಲ.

ತೂಕದ ಕೆಲಸ ನನಗೆ ತುಂಬ ಖುಷಿ ಕೊಟ್ಟಿತು. ಗ್ಯಾರೇಜಿನಲ್ಲಿ ಸರಿಯಾದ ತಕ್ಕಡಿ ಇಲ್ಲ. ನಾಲ್ಕು ಪಿಸ್ಟನ್, ನಾಲ್ಕು ಕನೆಕ್ಟಿಂಗ್ ರಾಡ್ ಬನಿಯನ್ ವೇಸ್ಟಿನಲ್ಲಿ ಸುತ್ತಿ, ಬಟ್ಟೆ ಚೀಲಕ್ಕೆ ಹಾಕಿ, ಪೇಟೆಯಲ್ಲಿ ನಮಗೆ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆವು. ಕರಿಮಣಿ ತೂಗಿಸಲು ಬಂದಿದ್ದ ಇಬ್ಬರು ಅಕ್ಕನವರು ನಮ್ಮನ್ನು ನೋಡಿದ ರೀತಿ ಈಗಲೂ ನೆನಪಿದೆ. ಚಿನ್ನದ ತಕ್ಕಡಿಯಲ್ಲಿ ಪಿಸ್ಟನ್‌ಗಳು ಎರಡು ಗ್ರಾಮಿನೊಳಗೇ ಇದ್ದವು. ಹೊಸದಲ್ವಾ, ಅದು ಸರಿ. ರಾಡ್‌ಗಳಲ್ಲಿ ಹಗುರದ್ದಕ್ಕೂ ಭಾರದ್ದಕ್ಕೂ ಆರು ಗ್ರಾಂ ವ್ಯತ್ಯಾಸ. ಆರು ಗ್ರಾಂ ಅಂದರೆ ಬಂಗಾರದಲ್ಲಿ ದೊಡ್ಡದು, ಕಬ್ಬಿಣದಲ್ಲಿ ಏನು ಮಹಾ ಅನ್ನಿಸಬಹುದು. ಆದರೆ ಅದು ನಿಮಿಷಕ್ಕೆ ಆರು ಸಾವಿರ ಸಲ ಮೇಲೆ ಕೆಳಗೆ ಹಾರುತ್ತದೆ. ಮೊದಲು ಭಾರದ ಪಿಸ್ಟನ್ನಿಗೆ ಹಗುರ ರಾಡು ಜೋಡಿ ಮಾಡಿ ಅರ್ಧ ಸರಿ ಮಾಡಿದರು. ಉಳಿದದ್ದನ್ನು ಹುಬ್ಬಳ್ಳಿಯಲ್ಲಿ ರಾಡಿನ ದೊಡ್ಡ ತುದಿ, ಸಣ್ಣ ತುದಿ ಬೇರೆ ಬೇರೆ ತೂಗಿ, ಹಗುರಕ್ಕೆ ಸರಿಯಾಗಿ ಬೇರೆಯವನ್ನು ಉಜ್ಜಿ ಒಂದು ಗ್ರಾಮಿನೊಳಗೆ ತಂದರು. ಕ್ರ್ಯಾಂಕು, ಫ್ಲೈವೀಲು, ಕ್ಲಚ್ ಪ್ಲೇಟಿನ ಕವರ್ ಮೂರನ್ನೂ ಒಟ್ಟಿಗೆ ಬ್ಯಾಲೆನ್ಸ್ ಮಾಡಿದರು. ಇಷ್ಟಕ್ಕೆ ತೆಗೆದುಕೊಂಡಿದ್ದು 5,500. ನಾನು ಖರ್ಚು ಮಾಡಿದ್ದರಲ್ಲಿ ಅತಿ ಹೆಚ್ಚು ಲಾಭ ಕೊಟ್ಟ ದುಡ್ಡು ಇದೇ. ಯಾವ ಎಚ್-ಬೀಮೂ ಈ ಬೆಲೆಗೆ ಇಷ್ಟು ನಯ ಕೊಡುವುದಿಲ್ಲ.

ಫ್ಲೈವೀಲ್ ಹಗುರ ಮಾಡಿಸೋಣ ಅಂತ ಕೊನೇವರೆಗೂ ಕಾಡಿದೆ. ಕೇಳಲಿಲ್ಲ. ಹಗುರ ಆದರೆ ಆರ್‌ಪಿಎಂ ಬೇಗ ಏರುತ್ತದೆ ನಿಜ, ಆದರೆ ಘಟ್ಟದ ತಿರುವಿನಲ್ಲಿ ಲಾರಿ ಹಿಂದೆ ನಿಂತು ಮತ್ತೆ ಹೊರಡುವಾಗ ಇಂಜಿನ್ ಕಕ್ಕಿ ನಿಲ್ಲುತ್ತದೆ. ಬಯಲುಸೀಮೆಯವರಿಗೆ ಆದೀತು. ರೆವ್ ಲಿಮಿಟ್ (ಇಂಜಿನ್ ಎಷ್ಟು ಆರ್‌ಪಿಎಂ ತನಕ ಹೋಗಬಹುದು ಅನ್ನುವ ಮಿತಿ) ಏರಿಸುವುದಕ್ಕೂ ಬೇಡ ಅಂದರು. ಅದರ ಲೆಕ್ಕ ಸುಲಭ: ರಾಡಿನ ಬೋಲ್ಟಿನ ಮೇಲೆ ಬೀಳುವ ಎಳೆತ ವೇಗದ ವರ್ಗದಷ್ಟು ಏರುತ್ತದೆ. ಆರು ಸಾವಿರದಿಂದ ಏಳು ಸಾವಿರಕ್ಕೆ ಹೋದರೆ ವೇಗ ಆರರಲ್ಲಿ ಒಂದು ಪಾಲು ಜಾಸ್ತಿ, ಎಳೆತ ಮಾತ್ರ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ. ಹಳೇ ಬೋಲ್ಟಿಗೆ ಆ ಪರೀಕ್ಷೆ ಯಾಕೆ? ರಾಡ್ ಬೋಲ್ಟ್ ಹೊಸದು ಹಾಕಿದೆವು, ಲಿಮಿಟ್ ಮುಟ್ಟಲಿಲ್ಲ.

ಹೆಡ್ಡಿನ ಕೆಲಸ ಚೆನ್ನಾಗಿ ಆಗಿದೆ. ನಾಲ್ಕು ಎಕ್ಸಾಸ್ಟ್ ವಾಲ್ವ್ ಹೊಸದು, ಗೈಡ್ ಸೀಲ್ ಎಲ್ಲ ಹೊಸದು. ಸೀಟುಗಳನ್ನು ಮೂರು ಕೋನದಲ್ಲಿ ಕತ್ತರಿಸಿದ್ದಾರೆ. ಆಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕಡಗೋಲು ಕಡೆದ ಹಾಗೆ ಎರಡು ಅಂಗೈ ನಡುವೆ ಕೋಲು ತಿರುಗಿಸಿ ತಿರುಗಿಸಿ ಹದಿನಾರೂ ವಾಲ್ವ್ ಕೂರಿಸಿದರು. ಸರಿ ಕೂತಿದೆಯಾ ಅಂತ ಪೋರ್ಟಿನೊಳಗೆ (ಹೆಡ್ಡಿನಲ್ಲಿ ಗಾಳಿ, ಹೊಗೆ ಹೋಗುವ ದಾರಿ) ಸೀಮೆಎಣ್ಣೆ ಹೊಯ್ದು ಊಟಕ್ಕೆ ಹೋಗಿ ಬಂದರು. ಒಂದು ಕಡೆ ಸ್ವಲ್ಪ ಜಿನುಗಿತ್ತು. ಆ ವಾಲ್ವು ಮತ್ತೆ ಮೊದಲಿನಿಂದ. ಪೋರ್ಟ್ ದೊಡ್ಡದು ಮಾಡಲಿಲ್ಲ. ಮ್ಯಾನಿಫೋಲ್ಡಿನ ಬಾಯಿಗೂ ಹೆಡ್ಡಿನ ಬಾಯಿಗೂ ನಡುವೆ ಇದ್ದ ಮೆಟ್ಟಿಲನ್ನು ಗ್ಯಾಸ್ಕೆಟ್ ಇಟ್ಟು ಗೆರೆ ಎಳೆದು ಉಜ್ಜಿ ಸಮ ಮಾಡಿದರು ಅಷ್ಟೆ. ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ತಳ ಕೆರೆದು ಸಮ ಮಾಡಿದ್ದು, 0.2 ಮಿ.ಮೀ. ಮಾತ್ರ. ಕಂಪ್ರೆಷನ್ ಏರಲಿ, ಅರ್ಧ ಮಿಲಿ ತೆಗೆಯಿರಿ ಅಂತ ನಾನು ಹೇಳಿದ್ದೆ. ಅರ್ಧ ಮಿಲಿ ತೆಗೆದರೆ ಪ್ರತಿ ಸಿಲಿಂಡರಿಗೆ ಹೆಚ್ಚೆಂದರೆ 2 ಸಿಸಿ ಜಾಗ ಕಡಿಮೆ ಆಗುತ್ತದೆ. ಅದಕ್ಕೆ ಸಾದಾ ಪೆಟ್ರೋಲಿನಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಬಡಿಯುವುದು) ಶುರುವಾದರೆ ಇಗ್ನಿಷನ್ ಹಿಂದೆ ತರಬೇಕು, ಅಂದರೆ ಕಿಡಿ ತಡವಾಗಿ ಹಾರಿಸಬೇಕು, ಗಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ಶಿರಸಿ ಸುತ್ತ ಎಲ್ಲ ಬಂಕಿನಲ್ಲೂ ದುಬಾರಿ ಪೆಟ್ರೋಲ್ ಸಿಗುವುದೂ ಇಲ್ಲ.

ಇನ್ನು ಬೈಗುಳ. ಮೂರು ವಾರ ಅಂದಿದ್ದು ಒಂಬತ್ತು ವಾರ. ನಡುವೆ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮೊದಲೇ ಗೊತ್ತಿರುತ್ತದೆ, ಆದರೂ ಜಾತ್ರೆ ಬಂತು ಅಂತ ಆಶ್ಚರ್ಯಪಟ್ಟ ಹಾಗೆ ಹೇಳಿದರು. ಹತ್ತು ದಿನ ಹುಡುಗರು ಯಾರೂ ಇಲ್ಲ. ಫೋನ್ ಎತ್ತುವುದಿಲ್ಲ. ಎಸ್ಟಿಮೇಟ್ ಬರೆದು ಕೊಡುವುದಿಲ್ಲ. ಒಂದು ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದೇ ಲೆಕ್ಕ. ಬಿಚ್ಚಿದ ಬೋಲ್ಟುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಾರೆ. ನನ್ನ ಏರ್ ಫಿಲ್ಟರ್ ಡಬ್ಬಿಯ ಒಂದು ಕ್ಲಿಪ್ ಇವತ್ತಿಗೂ ಸಿಕ್ಕಿಲ್ಲ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಗಾಡಿ ಮನೆಗೆ ತಂದ ನಾಲ್ಕನೇ ದಿನ ಅಂಗಳದಲ್ಲಿ ಆಯಿಲ್ ಹನಿ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ರ್ಯಾಂಕಿನ ಹಿಂದಿನ ಸೀಲು ಸರಿ ಕೂತಿರಲಿಲ್ಲ. ಸೀಲಿನ ಬೆಲೆ ಏನೂ ಇಲ್ಲ, ಆದರೆ ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು. ಅಪ್ಪಯ್ಯ ಹನಿ ನೋಡಿ ಒಂದೇ ಮಾತು ಹೇಳಿದರು: "ಇಷ್ಟು ದುಡ್ಡಿಗೆ ಎರಡು ಆಕಳು ಬತ್ತಿತ್ತಲೋ ಮಾಣಿ." ಮೇಸ್ತ್ರಿಯವರಿಗೆ ಫೋಟೋ ಕಳಿಸಿದೆ. ಆ ಸಲ ಮಾತ್ರ ಫೋನ್ ಎತ್ತಿದರು. ತಪ್ಪು ತಮ್ಮದೇ ಅಂತ ಒಪ್ಪಿಕೊಂಡರು, ಎರಡು ದಿನದಲ್ಲಿ ಇಳಿಸಿ ಬೇರೆ ಸೀಲ್ ಹಾಕಿ ಕೊಟ್ಟರು, ಒಂದು ರೂಪಾಯಿ ತಗೊಳ್ಳಲಿಲ್ಲ. ಚಹಾಕ್ಕೂ ಅವರೇ ಕೊಟ್ಟರು. ಆದರೂ ಮೊದಲ ಸಲವೇ ಸರಿ ಮಾಡಬೇಕಿತ್ತು.

ಲೆಕ್ಕ ಹೀಗಿದೆ. ಸಾಮಾನು ಒಟ್ಟು 32,400, ಪಿಸ್ಟನ್ನಿನಿಂದ ಹಿಡಿದು ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್ ತನಕ. ಹುಬ್ಬಳ್ಳಿಯ ಬೋರು, ಹೋನಿಂಗ್, ಕ್ರ್ಯಾಂಕ್ ಪಾಲಿಶ್, ಹೆಡ್ ಎಲ್ಲ ಸೇರಿ 14,000. ಬ್ಯಾಲೆನ್ಸಿಂಗ್ ಮೇಲೆ ಹೇಳಿದ 5,500. ಮೇಸ್ತ್ರಿಯವರ ಕೂಲಿ 18,000. ಆಯಿಲು, ಕೂಲೆಂಟು, ಸಾಗಾಟಕ್ಕೆ 5,000. ದಂಡವಾದ ಡೂಪ್ಲಿಕೇಟ್ ರಿಂಗಿನ ದುಡ್ಡು ಇದರಲ್ಲಿ ಸೇರಿಲ್ಲ, ಅದನ್ನು ಮನೆಯಲ್ಲೂ ಹೇಳಿಲ್ಲ. ಜಿಪ್ಸಿ ಮಿಲಿಟರಿಯಲ್ಲಿ ಇಷ್ಟು ವರ್ಷ ಓಡಿದ್ದರಿಂದ ಈ ಇಂಜಿನ್ನಿನ ಒಳಗಿನ ಸಾಮಾನು ಇನ್ನೂ ಸಿಗುತ್ತಿದೆ. ಎಸ್ಟೀಮಿನ ಬಾಗಿಲ ರಬ್ಬರು ಹುಡುಕುವುದಕ್ಕಿಂತ ಪಿಸ್ಟನ್ ಹುಡುಕುವುದು ಸುಲಭ.

ರನ್ನಿಂಗ್ ಇನ್, ಅಂದರೆ ಹೊಸದಾಗಿ ಕಟ್ಟಿದ ಇಂಜಿನ್ ಪಳಗಿಸುವುದರ ಬಗ್ಗೆ ಮೇಸ್ತ್ರಿಯವರ ಪಾಠ ನಾನು ಅಂದುಕೊಂಡದ್ದಕ್ಕೆ ಉಲ್ಟಾ. ಸಾವಿರ ಕಿಲೋಮೀಟರ್ ನಲವತ್ತರಲ್ಲೇ ಓಡಿಸಬೇಕು ಅಂತ ನಾನು ತಿಳಿದಿದ್ದೆ. "ಹಾಗೆ ಓಡಿಸಿದ್ರೆ ರಿಂಗ್ ಕೂರೋದೇ ಇಲ್ಲ" ಅಂದರು. ಸಾದಾ ಮಿನರಲ್ ಆಯಿಲ್ ಹಾಕಿ, ಗಾಡಿ ಬಿಸಿಯಾದ ಮೇಲೆ ಅರ್ಧ ಆಕ್ಸಿಲರೇಟರಿನಲ್ಲಿ ಎಳೆದು, ಮತ್ತೆ ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಡಬೇಕು. ಎಳೆಯುವಾಗ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಇಳಿಯುವಾಗ ಒಳಗೆ ವ್ಯಾಕ್ಯೂಮ್ ಆಗಿ ಉಜ್ಜಿದ ಪುಡಿಯನ್ನು ಆಯಿಲ್ ತೊಳೆಯುತ್ತದೆ. ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುವುದು ಬೇಡ. ಇದಕ್ಕೆ ದೇವಿಮನೆಗಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ. ಎರಡು ಭಾನುವಾರ ಕುಮಟಾಕ್ಕೆ ಇಳಿದು ಹತ್ತಿದೆ. ಐನೂರು ಕಿಲೋಮೀಟರಿಗೆ ಆಯಿಲ್ ಬದಲಿಸಿದಾಗ ಕೆಳಗಿನ ಬಾಣಲೆಯಲ್ಲಿ ಸೂರ್ಯನ ಬೆಳಕಿಗೆ ಸಣ್ಣ ಬೆಳ್ಳಿ ಪುಡಿ ಮಿನುಗಿತು. ನನಗೆ ಎದೆ ಧಸಕ್ಕೆಂದಿತು. ಮೊದಲ ಆಯಿಲಿಗೆ ಇದು ಇದ್ದದ್ದೇ ಅಂದರು. ಎರಡನೇ ಸಲ ಇರಲಿಲ್ಲ.

ಈಗ ಗಾಡಿ ಹೇಗಿದೆ? ಪವರ್ ಅಳೆಯುವ ಡೈನೋ ಮಷಿನ್ ಮೇಲೆ ಹಾಕಿಸಿಲ್ಲ, ಹಾಗಾಗಿ ಇಷ್ಟು ಬಿಎಚ್‌ಪಿ ಅಂತ ಬುರುಡೆ ಬಿಡುವುದಿಲ್ಲ. ಬನವಾಸಿ ರಸ್ತೆಯ ಖಾಲಿ ಜಾಗದಲ್ಲಿ ಪಕ್ಕದಲ್ಲಿ ಕೂತ ಗೆಳೆಯ ಫೋನಿನಲ್ಲಿ ಅಳೆದ: ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಮೊದಲು ಹತ್ತೂವರೆ ಸೆಕೆಂಡ್ ಬೇಕಿತ್ತು, ಈಗ ಎಂಟಕ್ಕೆ ಸ್ವಲ್ಪ ಮೇಲೆ. ನಾಲ್ಕೂ ಸಿಲಿಂಡರ್ ಕಂಪ್ರೆಷನ್ 190ರ ಆಸುಪಾಸು, ಒಂದಕ್ಕೊಂದು ಐದು ಪಿಎಸ್‌ಐ ಅಂತರವಿಲ್ಲ. ಮೈಲೇಜ್ 11 ಇದ್ದಿದ್ದು 14 ದಾಟಿದೆ. ಮೂರು ಸಾವಿರ ಕಿಲೋಮೀಟರಿಗೆ ಡಿಪ್‌ಸ್ಟಿಕ್ಕಿನಲ್ಲಿ ಉಗುರಿನಷ್ಟು ಇಳಿದಿದೆ. ಹೊಗೆ ಪರೀಕ್ಷೆ ಮೊದಲ ಸಲಕ್ಕೇ ಪಾಸ್. ಆದರೆ ಇದಾವುದೂ ಅಲ್ಲ, ನನಗೆ ಗೊತ್ತಾಗಿದ್ದು ಸ್ಟೇರಿಂಗಿನಲ್ಲಿ. ಮೊದಲು ನಾಲ್ಕು ಸಾವಿರ ಆರ್‌ಪಿಎಂ ದಾಟಿದರೆ ಕೈಗೆ ಜುಮ್ ಅನ್ನುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಅಲುಗುತ್ತಿದ್ದ. ಈಗ ಐದೂವರೆ ಸಾವಿರದಲ್ಲೂ ಕೂತಲ್ಲೇ ಕೂತಿದ್ದಾನೆ. ದೇವಿಮನೆ ನಾಲ್ಕು ಜನರೊಂದಿಗೆ ಮೂರನೇ ಗೇರಿನಲ್ಲಿ, ಕಡಿದಾದ ತಿರುವು ಬಿಟ್ಟರೆ ಎರಡಕ್ಕೆ ಇಳಿಸುವ ಕೆಲಸ ಇಲ್ಲ.

ರೇಸ್ ಗಾಡಿ ಬೇಕು, ಟರ್ಬೋ ಹಾಕಬೇಕು ಅನ್ನುವವರು ಇಲ್ಲಿಗೆ ಬರಬೇಡಿ, ಅವರಿಗೆ ಅದರ ಸಲಕರಣೆ ಇಲ್ಲ, ಆಸಕ್ತಿಯೂ ಇಲ್ಲ. ಅವಸರ ಇದ್ದವರೂ ಬೇಡ. ಗಾಡಿ ಒಂದೇ ಇರುವವರು ಎರಡು ತಿಂಗಳು ಬಸ್ಸಿನಲ್ಲಿ ಓಡಾಡಲು ತಯಾರಿರಬೇಕು. ಉಳಿದವರು ಹೋಗಬಹುದು. ಕಾರ್ಡ್ ತಗೊಳ್ಳುವುದಿಲ್ಲ, ಯುಪಿಐ ನಡೆಯುತ್ತದೆ. ಸಾಮಾನು ನೀವೇ ತಂದುಕೊಡಲು ಹೋಗಬೇಡಿ. ತರುವುದಾದರೆ ಬಿಲ್ ತಗೊಳ್ಳಿ.

ಸಾವಿರ ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ (ವಾಲ್ವಿನ ಸಂದಿ) ನೋಡಿಸಬೇಕು. ಇಂಜಿನ್ ತಣ್ಣಗಿರಬೇಕು, ಅದಕ್ಕೆ ಹಿಂದಿನ ರಾತ್ರಿಯೇ ಗಾಡಿ ಹಲಸಿನ ಮರದ ಕೆಳಗೆ ಬಿಟ್ಟು ಬರಬೇಕು ಅನ್ನುತ್ತಾರೆ. ಹಲಸು ಹಣ್ಣಾಗುವ ಕಾಲದಲ್ಲಿ ಸ್ವಲ್ಪ ಆಚೆ ನಿಲ್ಲಿಸಿ.